ಶುರುವಾಗದ ಲ್ಯಾಪ್‌ಟಾಪಿನ ಹಾಡುಗಳು

ಕಿಸುಮು ಪಟ್ಟಣದ ರಿಪೇರಿ ಅಂಗಡಿಯಲ್ಲಿ, ರಿಪೇರಿಗೆ ಕೊಟ್ಟ ಫೋನಿಗಾಗಿ ಕಾಯುತ್ತಿದ್ದ ಅಕಿನ್ಯಿಯ ಕಿವಿಗೆ ಪಕ್ಕದ ಮಾತು ಬಿತ್ತು. ಸಂಗೀತದ ಮೇಷ್ಟ್ರು ಒಡೆರಾ ಶುರುವಾಗದ ಲ್ಯಾಪ್‌ಟಾಪ್ ತಂದಿದ್ದರು.

"ತೀರಿಹೋದ ನಮ್ಮಮ್ಮನ ಹಾಡೆಲ್ಲ ಇದರಲ್ಲೇ ಇರೋದು ಕಣಮ್ಮ. ಬೇರೆಲ್ಲೂ ಇಲ್ಲ."

"ಹಾಗಾದ್ರೆ ಇನ್ನೊಂದ್ಸಲ ಬಟನ್ ಒತ್ಬೇಡಿ ಮೇಷ್ಟ್ರೇ," ಎಂದಳು ರಿಪೇರಿ ಮಾಡುವ ಅವೂರ್.

"ಎಲ್ಲಾ ಅಳಿಸಿ ಹೊಸದಾಗಿ ಶುರು ಮಾಡ್ಲಾ ಅಂತ ಪರದೆ ಮೇಲೆ ಅದೇ ಕೇಳ್ತು. ಹೂಂ ಅನ್ನಿ ಅಂದ ನನ್ನಳಿಯ."

"ನೀವೇನಂದ್ರಿ?"

"ಲ್ಯಾಪ್‌ಟಾಪ್ ಮುಚ್ಚಿ ಇಲ್ಲಿಗೆ ತಂದೆ."

"ಅಳಿಯಂಗಿಂತ ನೀವೇ ವಾಸಿ. ಮೊದಲು ಹಾಡು ಉಳಿಸ್ಕೊಳ್ಳೋಣ, ರಿಪೇರಿ ಆಮೇಲೆ."

ಅವೂರ್ ಲ್ಯಾಪ್‌ಟಾಪಿನ ಡಿಸ್ಕ್ ಬಿಚ್ಚಿ ತನ್ನ ಕಂಪ್ಯೂಟರಿಗೆ ಜೋಡಿಸಿ, ಎಲ್ಲವನ್ನೂ ಪೆನ್‌ಡ್ರೈವಿಗೆ ಇಳಿಸಿದಳು. ಅವಸರವಿಲ್ಲದ ಆ ಕೈಗಳಿಂದ ಅಕಿನ್ಯಿ ಕಣ್ಣು ಕೀಳಲಿಲ್ಲ.

"ಕೇಳಿ ನೋಡಿ ಮೇಷ್ಟ್ರೇ. ಹಾಡಿನ ನಡುವೆ ನಿಮ್ಮಮ್ಮ ಕೆಮ್ಮಿದ್ದಾರೆ, ಅದನ್ನ ತೆಗೀಲಾ?"

"ಬೇಡಮ್ಮ. ಅದೂ ಅವಳೇ."

ಮೇಷ್ಟ್ರು ಪೆನ್‌ಡ್ರೈವನ್ನು ಎದೆಯ ಜೇಬಿಗಿಟ್ಟು ಎದ್ದರು.

"ಲ್ಯಾಪ್‌ಟಾಪು?"

"ನಿಧಾನಕ್ಕೆ ಮಾಡು," ಎನ್ನುತ್ತ ಅವರು ಬೀದಿಗಿಳಿದರು.