ಬ್ರೇಕ್ ಹಿಡಿಯುವ ಕೈ

‘ಬಿಟ್ಟ ಕೈಗೇ ಆಕಾಶ’ ಎಂಬ ಸಾಲೊಂದನ್ನು ಎಲ್ಲೋ ಓದಿದ್ದೆ, ಮುಂದಿನದು ಮರೆತಿದೆ. ಅಧ್ಯಕ್ಷರೇ, ವೇದಿಕೆಯ ಗಣ್ಯರೇ, ಈ ಸೇನಾ ತರಬೇತಿ ಶಾಲೆಯ ಸಭಿಕರೇ, ಅದನ್ನು ಬರೆದವರು ಹೆಲಿಕಾಪ್ಟರಿನಿಂದ ಹಗ್ಗದಲ್ಲಿ ಇಳಿದವರಂತೂ ಅಲ್ಲ. ಇಲ್ಲಿ ಕೈ ಬಿಟ್ಟವರಿಗೆ ಸಿಗುವುದು ನೆಲ.

ಇಂದು ನಿವೃತ್ತರಾಗುತ್ತಿರುವ ನಿಮ್ಮ ‘ಹಗ್ಗದ ಮೇಷ್ಟ್ರ’ ಬಗ್ಗೆ ನಾಲ್ಕು ಒಳ್ಳೆಯ ಮಾತಾಡಿ ಎಂದಿರಿ. ಹೆಂಡತಿಯನ್ನು ಕೇಳಿದ್ದೀರಿ, ತಪ್ಪು ನಿಮ್ಮದು. ನಾನು ಬಲ್ಬ್ ಬದಲಿಸಲು ಸ್ಟೂಲ್ ಹತ್ತಿದರೂ ಇವರು ಕೆಳಗೆ ನಿಂತು, “ಎಡಗೈ ಎಲ್ಲಾದ್ರೂ ಇರ್ಲಿ, ಬಲಗೈ ಬಿಡ್ಬೇಡ ಕಣೇ” ಎನ್ನುತ್ತಾರೆ. ಬಲ್ಬನ್ನು ಯಾವ ಕೈಯಲ್ಲಿ ಹಾಕಲಿ?

ಬಲಗೈ ಎಂದರೆ ಬ್ರೇಕು, ಸೊಂಟದ ಹಿಂದೆ ಹಗ್ಗವನ್ನು ಬಿಗಿಹಿಡಿಯುವ ಕೈ. ಕಳೆದ ತಿಂಗಳು, ಕುಟುಂಬದವರನ್ನೆಲ್ಲ ಕರೆದಿದ್ದ ಪರೀಕ್ಷೆಯ ದಿನ, ಇಲ್ಲೇ ತರಬೇತಿ ಪಡೆಯುತ್ತಿರುವ ನಮ್ಮ ಮಗಳು ನಾಲ್ಕು ಮಹಡಿ ಎತ್ತರದಲ್ಲಿ ನಿಂತ ಹೆಲಿಕಾಪ್ಟರಿನಿಂದ ಇಳಿಯುತ್ತಾ, ನನ್ನನ್ನು ಕಂಡ ಖುಷಿಗೆ ಆ ಕೈಯನ್ನೇ ಎತ್ತಿ ಬೀಸಿದಳು. ಜಾರಿದಳು. ಕೆಳಗೆ ಹಗ್ಗದ ತುದಿ ಹಿಡಿದಿದ್ದ ಇವರು ಜಗ್ಗಿ ಬಿಗಿಮಾಡಿದರು, ಗಾಳಿಯಲ್ಲೇ ನಿಂತಳು. ಅವಳ ಕಾಲು ನೆಲ ಮುಟ್ಟುವ ಮೊದಲೇ “ಫೇಲ್” ಎಂದರು. ಉಳಿಸಿದ್ದಕ್ಕೆ ಹೊಗಳಲೇ, ಫೇಲ್ ಮಾಡಿದ್ದಕ್ಕೆ ಬಯ್ಯಲೇ?

ಅಂದಿನಿಂದ ಅಪ್ಪ ಮಗಳ ನಡುವೆ ಮಾತಿಲ್ಲ. ಪಕ್ಕಪಕ್ಕದಲ್ಲೇ ಊಟಕ್ಕೆ ಕೂತು, “ಅಮ್ಮಾ, ಉಪ್ಪು ಕೊಡೋಕೆ ಹೇಳು.” “ಕಣ್ಣೆದುರಿಗೇ ಇದೆ, ತಗೊಳ್ಳೋಕೆ ಹೇಳೇ.” ನಾನೇನು ಅಂಚೆ ಕಚೇರಿಯೇ? ಸೋಮವಾರ ಅವಳಿಗೆ ಮರುಪರೀಕ್ಷೆ. ಅದೇ ಕೊನೆಯ ಅವಕಾಶ. ಕೆಳಗೆ ಹಗ್ಗ ಹಿಡಿಯುವವರು ಇವರಲ್ಲ, ಬೇರೆಯವರು. ಅವಳು ಪರೀಕ್ಷೆಗೆ ಹೋಗುವ ಮೊದಲು ಒಂದು ಮಾತು ಹೇಳಿಕೊಡಿ ಎಂದರೆ ಈ ಮಹಾನುಭಾವರು ಪೇಪರ್ ತಿರುವುತ್ತಾರೆ. ಇಂಥವರಿಗೆ ಹಾರ, ಶಾಲು, ಚಪ್ಪಾಳೆ.

ಇನ್ನೂ ಬೇಕಾದಷ್ಟು ಬಯ್ಯುವ ತಯಾರಿಯಲ್ಲೇ ಬೆಳಿಗ್ಗೆ ಮನೆಯಿಂದ ಹೊರಟಿದ್ದೆ. ಬೀಗ ಹಾಕುವಾಗ ಪಕ್ಕದ ಮನೆಯಾಕೆ ಬಂದು ಎಲ್ಲ ಕೆಡಿಸಿದರು. ಆಕೆ ಹೇಳಿದ್ದನ್ನು ಹೇಳಿ ಮುಗಿಸುತ್ತೇನೆ. ಅದಾದ ಮೇಲೆ ನನ್ನ ಮಾತು ಬೇಕಾಗುವುದಿಲ್ಲ. ಆದ್ದರಿಂದ ತಾಳ್ಮೆಯಿಂದ ಕೇಳಿದ ನಿಮಗೆ ನನ್ನ ಧನ್ಯವಾದ, ನಮಸ್ಕಾರ, ಎರಡೂ ಈಗಲೇ.

ಬಾಗಿಲಲ್ಲಿ ನಿಂತು ಆಕೆ ಅಂದದ್ದು ಇಷ್ಟು: “ಅಲ್ಲ ಕಣ್ರೀ, ನೀವು ಕೆಲಸಕ್ಕೆ ಹೋದ್ಮೇಲೆ ನಿಮ್ಮ ಮಗಳು ದಿನಾ ತಾರಸಿಯಿಂದ ಹಗ್ಗ ಹಿಡ್ಕೊಂಡು ನಮ್ಮ ಕಿಟಕಿ ಮುಂದೇನೇ ಇಳೀತಾಳೆ. ನಿಮ್ಮ ಯಜಮಾನ್ರು ಕೆಳಗೆ ಹಗ್ಗದ ತುದಿ ಹಿಡಿದು, ಮೇಲೇ ನೋಡ್ತಾ ನಿಂತಿರ್ತಾರೆ. ಇಬ್ರೂ ತುಟಿ ಬಿಚ್ಚಲ್ಲ. ನಿನ್ನೆ ನಾನು ಬೇಕೂಂತ್ಲೇ ಅವಳಿಗೆ ಕೈ ಬೀಸ್ದೆ. ಅವಳೂ ಬೀಸಿದ್ಲು. ಎಡಗೈಯಲ್ಲಿ.”