ಉಳದೀರೇನ್ರೋ

ಕುಕನೂರಿಗೆ ಹೋಗುವ ಕೊನೆಯ ಬಸ್ಸು ಆ ಸಂಜೆ ಹಳ್ಳದ ದಂಡೆಯಲ್ಲಿ ನಿಂತುಬಿಟ್ಟಿತು. ಮಧ್ಯಾಹ್ನದಿಂದ ಸುರಿದ ಶ್ರಾವಣದ ಮಳೆ ಜಿನುಗಿಗೆ ಇಳಿದಿತ್ತು. ಹಳ್ಳದಲ್ಲಿ ನೀರು ಹೆಚ್ಚೇನೂ ಇರಲಿಲ್ಲ, ರಸ್ತೆಗೆ ಹಾಸಿದ ಕಲ್ಲುಗಳು ಮೇಲಿನಿಂದಲೇ ಕಾಣುತ್ತಿದ್ದವು. ಆದರೂ ಡ್ರೈವರ್ ಚಾಂದಸಾಬ ಇಂಜಿನ್ ಆರಿಸಿದ. ಚಹಾ ಇಡಲೆಂದು ಒಮ್ಮೆ ಉದ್ದಕ್ಕೆ ಹಾರ್ನ್ ಒತ್ತಿ, ಕೆಳಗಿಳಿದು, ಕಳಕಮ್ಮನ ಅಂಗಡಿಯ ತಗಡಿನ ಚಪ್ಪರದಡಿ ಹೋಗಿ ಕುಳಿತ. ನಾವು ಹತ್ತು ಹನ್ನೆರಡು ಮಂದಿ ತಲೆಯ ಮೇಲೆ ಚೀಲ, ಟವೆಲ್ಲು ಹಿಡಿದುಕೊಂಡು ಅವನ ಹಿಂದೆಯೇ ಓಡಿದೆವು.

ನಾನು ಆ ಹಳ್ಳಕ್ಕೆ ಸೇತುವೆ ಕಟ್ಟಲು ಅಳತೆ ತೆಗೆಯಲೆಂದು ಬಂದಿದ್ದ ಹೊಸ ಇಂಜಿನಿಯರ್. ನೀರಿನ ಆಳ ಎಷ್ಟೆಂದು ನನಗೆ ಚೆನ್ನಾಗಿ ಗೊತ್ತಿತ್ತು. "ಮೊಣಕಾಲುದ್ದ ನೀರೂ ಇಲ್ಲ, ಯಾಕೆ ನಿಲ್ಲಿಸಿದಿರಿ?" ಎಂದು ಕೇಳಿದೆ.

"ಇನ್ನಾ ಕರದಿಲ್ರಿ ಸಾಹೇಬ್ರ," ಎಂದ ಚಾಂದಸಾಬ, ಬೀಡಿ ಹಚ್ಚುತ್ತ.

"ಯಾರು ಕರೀಬೇಕು?"

ಅವನು ಗದ್ದದಿಂದ ಮೂಲೆಯ ಕಡೆ ತೋರಿಸಿದ. ಅಲ್ಲಿ ಕಂಬಳಿ ಹೊದ್ದು ಒಬ್ಬ ಮುದುಕರು ಕುಳಿತಿದ್ದರು. ಹೆಸರು ವಿರೂಪಾಕ್ಷಪ್ಪ ಮಾಸ್ತರು, ಎಪ್ಪತ್ತು ದಾಟಿದ ನಿವೃತ್ತ ಶಿಕ್ಷಕರು. ಅಷ್ಟು ಜೋರು ಹಾರ್ನಿಗೂ ಅವರು ಕತ್ತು ತಿರುಗಿಸಿರಲಿಲ್ಲ. ಅವರ ಕಣ್ಣೆಲ್ಲ ಮೂವತ್ತು ಹೆಜ್ಜೆ ಆಚೆ ದಂಡೆಯ ಮೇಲಿದ್ದ ಹಳ್ಳದ ದೇವತೆ ಹಳ್ಳದವ್ವನ ಕಲ್ಲಿನ ಮೇಲಿತ್ತು. ಆ ಕಲ್ಲಿನ ಗೂಡಿನಲ್ಲಿ ಆಗತಾನೇ ಹಚ್ಚಿಟ್ಟ ಹಣತೆ ಉರಿಯುತ್ತಿತ್ತು. ಕಳಕಮ್ಮ ಅವರ ಹೆಗಲು ಮುಟ್ಟಿ ಚಹಾದ ಗ್ಲಾಸು ಕೈಗಿಟ್ಟಳು. ಆಗ ಅವರು ನಮ್ಮ ಕಡೆ ತಿರುಗಿದರು. ನಾನು ಅದೇ ಪ್ರಶ್ನೆಯನ್ನು ಮತ್ತೆ ಕೇಳಿದೆ. ಅವರು ನನ್ನ ಬಾಯನ್ನೇ ದಿಟ್ಟಿಸಿ ನೋಡಿ, ಮಾತು ಶುರುಮಾಡಿದರು.

"ಯಾರು ಕರೀಬೇಕು ಅಂದ್ರೇನ್ರಿ ಸಾಹೇಬ್ರ? ಕೇಳ್ರಿ, ಕೇಳಾಕೇನ... ನಾನೂ ಕೇಳಿದವನ. ನಿಮ್ಮ ವಯಸ್ಸಿನ್ಯಾಗ ನಾ ಹಿಂಗ ಇದ್ದೆ. ಅಲ್ಲಲ್ಲ, ನಿಮಗಿಂತ ಒಂದು ಕೈ ಮ್ಯಾಲ ಇದ್ದೆ. ಆವಾಗ ನಿಜಾಮನ ಕಾಲ. ಗುಲಬರ್ಗಾದಾಗ ಮಾಸ್ತರಕಿ ಕಲ್ತು, ಉರ್ದೂ ಕನ್ನಡ ಎರಡೂ ಪಟಪಟ ಓದ್ಕೋತ, ಕರೀ ಕೋಟು ಹಾಕ್ಕೊಂಡು ಊರಿಗೆ ಬಂದವ. ದೇವರಿಲ್ಲ, ದೆವ್ವಿಲ್ಲ, ಇರೂದು ಬರೇ ಬುದ್ಧಿ... ಅದೂ ಈ ಊರಾಗ ನನಗೊಬ್ಬಗ ಐತಿ ಅಂತ ತಿಳ್ಕೊಂಡಿದ್ದೆ. ನಗ್ತೀರಿ? ನಗ್ರಿ. ಈಗ ನನಗೂ ನಗಿ ಬರ್ತೈತಿ.

"ಈ ಹಳ್ಳ ಐತೆಲ್ಲ, ಇದು ಭಾಳ ಮೋಸದ್ದು. ಇಲ್ಲಿ ಬಿಸಲು ಬಿದ್ದಿರ್ತೈತಿ, ಉಸುಕು ಒಣಗಿರ್ತೈತಿ, ಹುಡುಗೂರು ನಡುವ ಕುಂತು ಆಡಾಕತ್ತಿರ್ತಾವ... ಮ್ಯಾಲ ಯಲಬುರ್ಗಿ ಕಡೆ ಎಲ್ಲೋ ಮಳಿ ಆಗಿರ್ತೈತಿ, ನಮಗೇನ್ ಗೊತ್ತು? ಒಮ್ಮಿಂದೊಮ್ಮೆ ಆಳೆತ್ತರ ನೀರು ಬಂದು ಎತ್ತು, ಬಂಡಿ, ಮನಷಾ ಎಲ್ಲಾ ಬಳಕೊಂಡು ಹೊಕ್ಕೈತಿ. ದುರಗಮ್ಮ ಅಂತ ಕೂಲಿ ಮಾಡಿ ತಿನ್ನೂ ಹೆಣಮಗಳು ಒಬ್ಬಾಕಿ ಇದ್ಲು. ನಾ ಇನ್ನಾ ಹುಟ್ಟೂಕಿಂತ ಮೊದಲ ಅಕಿ ಗಂಡ, ಅಕಿ ಮಗ, ಇಬ್ಬರನ್ನೂ ಈ ಹಳ್ಳ ಒಯ್ದಿತ್ತಂತ. ಅವತ್ತಿನಿಂದ ಅಕಿ ದಿನಾ ಹೊತ್ತು ಮುಣಗೂ ಮುಂದ ಬಂದು ಆ ಗೂಡಿನ್ಯಾಗ ದೀಪ ಇಡಾಕಿ. ಕಲ್ಲಿಗೆ ಕಿವಿ ಹಚ್ಚಿ, ಕಣ್ಣ ಮುಚ್ಚಿ ಕುಂದ್ರಾಕಿ. ಆಮ್ಯಾಲ ಎದ್ದು ನಿಂತು ಒದರ್ತಿದ್ಲು, 'ಉಳದೀರೇನ್ರೋ...' ಅಂತ. ಆ ದಂಡಿ ಮಂದಿ 'ಉಳದೇವವ್ವಾ' ಅಂತ ಓ ಕೊಟ್ಟು ಹಳ್ಳಕ್ಕ ಇಳೀಬೇಕು. ಹಗಲೊತ್ತಿನ್ಯಾಗ ಮಂದಿ ತಾವ ನೋಡಿ ದಾಟವರು, ಸಂಜಿ ಮುಂದ ಮಾತ್ರ ಅಕಿ ಕರೀಬೇಕು. ಅಕಿ ಒದರಲಿಲ್ಲಂದ್ರ? ಹಳ್ಳದಾಗ ಧೂಳ ಹಾರಾಕತ್ತಿದ್ರೂ ಒಬ್ಬರೂ ಕಾಲಿಡಾಂಗಿಲ್ಲ. ಗೌಡಾದ್ರೇನು, ಬಳಿ ಮಾರೂ ಇಬ್ರಾಹಿಂಸಾಬ ಆದ್ರೇನು, ಎಲ್ಲಾರೂ ಗಂಟು ಇಳಿಸಿ ಕುಂತಬಿಡವರು.

"ದಾಟೂದು ಬಾಕಿ ಯಾರರ ಉಳದೀರೇನು ಅಂತ ಅಕಿ ಕೇಳ್ತಾಳ ಅಂತ ನಾ ತಿಳ್ಕೊಂಡಿದ್ದೆ. ಸಾಲಿ ಕಲಿಸೂ ಮಾಸ್ತರ ನೋಡ್ರಿ, ಶಬ್ದದ ಅರ್ಥ ನನಗ ಗೊತ್ತಿರಲಾರದ ಮತ್ಯಾರಿಗೆ ಗೊತ್ತು?

"ನನಗ ಸಿಟ್ಟು ಬರ್ತಿತ್ತು. ಇಡೀ ಊರು ಒಂದು ಮುದುಕಿ ಬಾಯಿ ಕಾಯ್ಕೋತ ಕುಂದ್ರೂದಾ? ಹಳ್ಳದ ನಡುವ ಒಂದು ಉದ್ದನ್ನ ಕಲ್ಲು ನೆಡಿಸಿದೆ. ಸುಣ್ಣ ಬಳದು, ಮೊಣಕಾಲೆತ್ತರಕ್ಕ ಒಂದು ಕೆಂಪು ಗೆರಿ ಎಳದೆ. 'ಗೆರಿ ಕಂಡ್ರ ದಾಟ್ರಿ, ಗೆರಿ ಮುಣಗಿದ್ರ ನಿಂದರ್ರಿ, ದೇವರು ಬ್ಯಾಡ, ದಿಂಡರು ಬ್ಯಾಡ' ಅಂತ ಚಾವಡಿ ಮುಂದ ಭಾಷಣ ಮಾಡಿದೆ. ಎಲ್ಲಾರೂ 'ಛಲೋ ಆತ್ರಿ ಮಾಸ್ತರ್ರ' ಅಂದ್ರು. ಸಂಜೀಕ ನೋಡಿದ್ರ ಮತ್ತ ಗಂಟು ಇಳಿಸಿ ಕುಂತಾರ!

"ಒಂದಿನ ಅಕಿ ಒದರಲಿಲ್ಲ. ನಾ ಬೇಕಂತನ ಎಲ್ಲಾರ ಮುಂದ ಈ ದಂಡಿಯಿಂದ ಆ ದಂಡಿಗೆ, ಆ ದಂಡಿಯಿಂದ ಈ ದಂಡಿಗೆ ಐದು ಸಲ ಓಡ್ಯಾಡಿದೆ. ಏನಾತು? ಏನೂ ಆಗಲಿಲ್ಲ. ಅವತ್ತು ಹಳ್ಳ ಬರಲೇ ಇಲ್ಲ. ಮೀಸಿ ಮ್ಯಾಲ ಕೈ ಹಾಕ್ಕೊಂಡು ಅಕಿ ಮುಂದ ನಿಂತೆ. 'ಏನಬೇ ಮುದುಕಿ, ನಿಮ್ಮವ್ವ ಇವತ್ತ ಸುಳ್ಳ ಹೇಳಿದ್ಲಲ್ಲ?' ಅಂದೆ. ಅಕಿ ನಾಚಿಕೊಂತಾಳ, ಇಲ್ಲಾ ಜಗಳಕ್ಕ ಬರ್ತಾಳ ಅಂತ ಮಾಡಿದ್ದೆ. ಅಕಿ ಏನ್ ಮಾಡಿದ್ಲು ಗೊತ್ತೇನ್ರಿ? ಸೆರಗಿಲೆ ಕಣ್ಣ ಒರಸ್ಕೊಂಡ್ಲು. 'ನೀ ಉಳದ್ಯೆಲ್ಲೋ ಮಾಸ್ತರಾ, ಅಷ್ಟ ಸಾಕು' ಅಂದ್ಲು. ಮರುದಿನ ಮತ್ತ ದೀಪ ತಗೊಂಡು ಬಂದ್ಲು. ನಾ ಅಷ್ಟು ಮಂದ್ಯಾಗ ಅವಮಾನ ಮಾಡಿದ್ರೂ ಒಂದಿನ ತಪ್ಪಸಲಿಲ್ರಿ ಆ ಹೆಣಮಗಳು. ಇವತ್ತು ಅದನ್ನ ನೆನಸಿಕೊಂಡ್ರ ಕೈ ಮುಗೀಬೇಕು ಅನಸ್ತೈತಿ... ಅವತ್ತು ಅನಸಲಿಲ್ಲ."

ಮಾಸ್ತರು ಚಹಾ ಗುಟುಕರಿಸಿದರು. ನನ್ನ ಪಕ್ಕದಲ್ಲಿದ್ದವನು ಕೆಮ್ಮಿದ. ಚಾಂದಸಾಬನ ಬೀಡಿ ಆರಿಹೋಗಿತ್ತು, ಅವನು ಅದನ್ನು ಮತ್ತೆ ಹಚ್ಚಲಿಲ್ಲ.

"ಫಸಲಿ ಸಾವಿರದ ಮುನ್ನೂರ ನಲವತ್ತೆಂಟು... ನಿಮ್ಮ ಲೆಕ್ಕದಾಗ ಮೂವತ್ತೊಂಬತ್ತನೇ ಇಸವಿ. ಇಂಥದ ಶ್ರಾವಣ. ದುರಗಮ್ಮ ಜ್ವರ ಬಂದು ಹಾಸಿಗಿ ಹಿಡದ್ಲು. ನನ್ನ ಕರೆ ಕಳಿಸಿದ್ಲು. 'ದೀಪಕ್ಕ ಎಣ್ಣಿ ನೀ ಹಾಕೋ ಮಾಸ್ತರಾ' ಅಂದ್ಲು. ಊರಾಗ ಅಕಿ ಮಾತು ನಂಬೂ ಮಂದಿ ನೂರು ಇದ್ರಲ್ರಿ, ನನಗ ಯಾಕ ಹೇಳಿದ್ಲು? 'ನನ್ನ ಕೈಲೆ ಆಗಂಗಿಲ್ಲ, ನಾ ಒಲ್ಲೆ' ಅಂದೆ. ಅಕಿ ನಕ್ಕಂಗ ಮಾಡಿದ್ಲು. ಅವತ್ತ ಹೋದ್ಲು. ಅಲ್ಲೆ, ಆ ಬೇವಿನ ಗಿಡದ ಬುಡಕ ಮಣ್ಣು ಮಾಡಿ ಬಂದ್ವಿ. ದೀಪ ನನಗ ಒಪ್ಪಿಸ್ಯಾಳಂತ ಬ್ಯಾರೆ ಯಾರೂ ಮುಟ್ಟಲಿಲ್ಲ. ನಾನೂ ಮುಟ್ಟಲಿಲ್ಲ. ಗೂಡು ಮೂರು ದಿನ ಕತ್ತಲಾಗ ಉಳೀತು.

"ಮೂರನೇ ದಿನ ಕುಕನೂರು ಸಂತಿ. ನನ್ನ ಹೆಂಡ್ತಿ ಅನ್ನಮ್ಮ ಬಾಣಂತನಕ್ಕ ಅಂತ ತವರಮನಿ ಕುಕನೂರಿಗೆ ಹೋದಾಕಿ, ಐದು ತಿಂಗಳ ಕೂಸು ತಗೊಂಡು ಸಂತಿ ಮಂದಿ ಜೋಡಿ ಬರಾಕಿದ್ಲು. ಮಗಳ ಮಾರಿ ನೋಡೂ ಆಸೆಗೆ ನಾ ಹೊತ್ತು ಇಳಿಯೂಕಿಂತ ಮೊದಲ ಈ ದಂಡಿಗೆ ಬಂದು ನಿಂತೆ. ಮಳಿ ಇಲ್ಲ. ಹಳ್ಳದಾಗ ಹಿಮ್ಮಡಿ ತೋಯುವಷ್ಟು ನೀರು. ಸುಣ್ಣದ ಕಲ್ಲು ಬೆಳ್ಳಗ ನಿಂತೈತಿ, ಕೆಂಪು ಗೆರಿ ಮ್ಯಾಲ ಕಾಣಾಕತ್ತೈತಿ. ಆ ದಂಡಿಗೆ ಮಂದಿ ಬಂದ್ರು... ಬಂದು ಗಂಟು ಇಳಿಸಿ ಕುಂತ್ರು!

"'ಬರ್ರೋ, ನೀರಿಲ್ಲ!' ಅಂತ ಒದರಿದೆ. 'ಅವ್ವ ಕರದಿಲ್ರೀ ಮಾಸ್ತರ್ರ' ಅಂತ ಇಬ್ರಾಹಿಂಸಾಬ ಆ ಕಡಿಯಿಂದ ಕೂಗಿದ. 'ಅಕಿ ಸತ್ತು ಮೂರು ದಿನ ಆತಲ್ಲೋ, ಎಲ್ಲಿಂದ ಕರೀತಾಳ?' ಅಂದೆ. ಯಾರೂ ಏಳಲಿಲ್ಲ. ಕತ್ತಲ ಆಗಾಕತ್ತಿತು. ಆ ದಂಡಿಯಾಗ ಕೂಸು ಅಳಾಕತ್ತಿತು... ನನ್ನ ಕೂಸು ರೀ, ಮಾರಿ ಸೈತ ನೋಡಿದ್ದಿಲ್ಲ ನಾನು. ನನ್ನ ತಲಿ ಕೆಟ್ಟಹೋತು. ಆವಾಗ ನಾ ಏನ್ ಮಾಡಿದೆ... ಹೇಳಬೇಕಲ್ಲ ಈಗ. ಹಳ್ಳದವ್ವನ ಕಲ್ಲಿನ ಹಿಂದ ಹೋಗಿ ಬಗ್ಗಿ ಕುಂತೆ. ಧ್ವನಿ ಸಣ್ಣ ಮಾಡಿದೆ. ಮುದುಕಿ ಎಳೀತಿದ್ಲಲ್ಲ ಹಂಗ ಎಳದು, 'ಉಳದೀರೇನ್ರೋ...' ಅಂತ ಒದರಿದೆ."

ಕಳಕಮ್ಮ ಒಲೆಯ ಮುಂದೆ ಕೈ ಕಟ್ಟಿ ನಿಂತಿದ್ದಳು.

"'ಉಳದೇವವ್ವಾ!' ಅಂತ ಎಲ್ಲಾರೂ ಓ ಕೊಟ್ರು. ಏನ್ ಖುಷಿ ಅಂತೀರಿ ಆ ಧ್ವನ್ಯಾಗ! ಸತ್ತಾಕಿ ಬಂದು ಕರದ್ಲಂತ ಒಬ್ಬರಿಗೂ ಅಂಜಿಕಿ ಇಲ್ರಿ, ಬರಾಕಿನ ಅಂತ ಗೊತ್ತಿದ್ದವರಂಗ ಗಂಟು ಎತ್ತಿದ್ರು. ನಾ ಕಲ್ಲಿನ ಸಂದಿಯಿಂದ ನೋಡಾಕತ್ತೀನಿ. ಎಲ್ಲಾರಕಿಂತ ಮುಂದ ಕೂಸಿನ್ನ ಎದಿಗೆ ಒತ್ತಿಕೊಂಡು ಅನ್ನಮ್ಮ ಇಳದ್ಲು. ಒಂದು ಹೆಜ್ಜಿ... ಎರಡು... ಸುಣ್ಣದ ಕಲ್ಲಿನ ಹತ್ರ ಬಂದ್ಲು. ಆವಾಗ ನನ್ನ ಕಿವಿಗೆ ಹತ್ತಿ... ಇಷ್ಟು ಹತ್ರ ರೀ, ಉಸರು ತಾಗೂವಷ್ಟು ಹತ್ರ... 'ಉಳ್ಯಾಂಗಿಲ್ರೋ! ತಿರಗ್ರೋ!'

"ದುರಗಮ್ಮನ ಧ್ವನಿ. ಬಾಜೂಕ ಯಾರೂ ಇಲ್ಲ. ಅಕಿ ಹಚ್ಚೂ ಕುಸುಬಿ ಎಣ್ಣಿ ವಾಸನಿ ಮೂಗಿಗೆ ಬಡೀತು. ಮಂದಿ ತಿರಗಿದ್ರು, ಒಬ್ಬರ ಮ್ಯಾಲ ಒಬ್ಬರು ಬಿದ್ದು ಓಡಿದ್ರು. ಅಷ್ಟರಾಗ ಹಳ್ಳ ಬಂತು. ಸಪ್ಪಳ ಕೇಳ್ತೋ ಇಲ್ಲೋ, ನೀರು ಬಂದ ಬಿಡ್ತು. ನಾ ನೆಡಿಸಿದ ಕಲ್ಲು ಬುಡ ಕಿತ್ತು ಹೋತು, ಅದರ ಗೆರಿ ಮುಣಗಿತೋ ಬಿಡ್ತೋ ನೋಡಾಕ ಟೈಮ ಸಿಗಲಿಲ್ಲ. ಕತ್ತಲ. ನೀರಿನ ಅಬ್ಬರ. ಅನ್ನಮ್ಮ ದಂಡಿ ಹತ್ತಿದ್ಲೋ ಇಲ್ಲೋ? ಕೂಸು? ಕೂಗಬೇಕಂದ್ರ ಬಾಯಾಗಿಂದ ಸ್ವರ ಬರವಲ್ದು. ಯಾವ ಬಾಯಿಲೆ ಸುಳ್ಳ ಕರದಿದ್ನೋ ಆ ಬಾಯಿ ಬಂದ್ ಆಗಿತ್ರಿ. ಮಣ್ಣಿನ್ಯಾಗ ಹೊರಳಾಡಿದೆ. ಆವಾಗ ಮತ್ತ ಆ ಧ್ವನಿ ಬಂತು. ಸಾವಕಾಶ... ನನ್ನ ಬದಲಿ ಕೇಳಿದಂಗ.

"'ಉಳದೀರೇನ್ರೋ...?'

"ಆ ದಂಡಿಯಿಂದ ಒಂದೊಂದ ಬಂತು. 'ಉಳದೇವವ್ವಾ'... 'ನಾನೂ ಉಳದೀನವ್ವಾ'... ಇಬ್ರಾಹಿಂಸಾಬನ ಗಡಸು ಧ್ವನಿ... ಕಡೀಕ, ಎಲ್ಲಾದರ ಕಡೀಕ, 'ನಾನೂ ಕೂಸೂ ಉಳದೇವವ್ವಾ' ಅಂತ ಅನ್ನಮ್ಮಂದು. ನೋಡಿದ್ರ ಗೂಡಿನ್ಯಾಗ ದೀಪ ಉರ್ಯಾಕತ್ತೈತಿ! ನಾ ಆ ಕಲ್ಲಿಗೆ ತಲಿ ಕೊಟ್ಟು ಕೂಸಿನಂಗ ಅತ್ತೆ.

"ಬೆಳಗಾದ ಮ್ಯಾಲ, ನಾ ಮಾಸ್ತರ ಅಲ್ರೀ, ಗೂಡು ತಪಾಸ್ ಮಾಡಿದೆ. ಬತ್ತಿ ಒಣಗಿತ್ತು. ಹಣತ್ಯಾಗ ಹನಿ ಎಣ್ಣಿ ಇಲ್ಲ. ಗೂಡಿನ ಬಾಯಿಗೆ ಜೇಡ ನೇದ ಬಲಿ, ಒಂದು ಎಳಿ ಸೈತ ಹರದಿದ್ದಿಲ್ಲ. ಕಲ್ಲಿನ್ಯಾಗ ನೀರಿನ ಸಪ್ಪಳ ದೂರದಿಂದ ಬರ್ತೈತಿ, ಮುದುಕಿ ಅದನ್ನ ಕೇಳಿ ಹೇಳ್ತಿದ್ಲು ಅಂತ ನಾನ ಒಂದು ಕಾಲಕ್ಕ ಪಾಠ ಮಾಡಿದವ. ಇರಬಹುದು ರೀ. ಆದ್ರ ಮಣ್ಣಾಗ ಇದ್ದಾಕಿ ಹೆಂಗ ಕೇಳಿದ್ಲು? ಇದಕ್ಕ ನಿಮ್ಮ ಪುಸ್ತಕದಾಗ ಏನರ ಐತೇನು ಸಾಹೇಬ್ರ? ನೀರು ಇಳದ ಮ್ಯಾಲ ಇಬ್ರಾಹಿಂಸಾಬನ್ನ ಕೇಳಿದೆ, ಅಕಿ ಹಂಗ್ಯಾಕ ಒದರ್ತಿದ್ಲು ಅಂತ. ಅಂವ ಹೇಳಿದ. ಗಂಡ ಮಗ ಹೋದ ರಾತ್ರಿ ಅಕಿ ಬೆಳತನಕ ಈ ದಂಡಿಗುಂಟ ಅಡ್ಯಾಡಿ ಅದ ಒಂದು ಮಾತು ಒದರ್ಯಾಳ. ಜೀವಂತ ಉಳದೀರೇನ್ರೋ ಅಂತ. ಓ ಅನ್ನವರು ಯಾರೂ ಇರಲಿಲ್ಲ. ಅದಕ್ಕ ಆ ದಂಡಿ ಮಂದಿ ಮರುದಿನದಿಂದ ಅಕಿಗೆ ಓ ಕೊಡಾಕ ಹತ್ತಿದ್ರಂತ. ನಾ ಶಬ್ದದ ಅರ್ಥ ತಿಳದವ ನೋಡ್ರಿ!

"ಅವತ್ತ ಸಂಜೀಕ ಎಣ್ಣಿ ತಗೊಂಡು ಬಂದೆ. ಇವತ್ತಿನತನಕ ತಪ್ಪಿಲ್ಲ. ನಾ ಕರ್ಯಾಂಗಿಲ್ಲ, ದೀಪ ಅಷ್ಟ ಇಡ್ತೀನಿ. ಅವ್ವ ಮೊದಲು ಕರದು ಆಮ್ಯಾಲ ಯಾಕ ಬ್ಯಾಡ ಅಂದ್ಲು ಅಂತ ಊರ ಮಂದಿ ಭಾಳ ದಿನ ಮಾತಾಡಿಕೊಂಡ್ರು. ನಾ ಬಾಯಿ ಬಿಡಲಿಲ್ಲ. ಅನ್ನಮ್ಮಗ ಸೈತ ಹೇಳಲಿಲ್ಲ. ಹತ್ತು ವರ್ಷದ ಹಿಂದ ಅಕಿ ಕಡೀ ಹಾಸಿಗಿ ಹಿಡದಾಗ ಕೈ ಹಿಡಕೊಂಡು ಹೇಳಿದೆ, ಮೊದಲ ಕರದಾಂವ ನಾನ ಅಂತ. ಅಕಿ ಏನಂದ್ಲು ಗೊತ್ತೇನ್ರಿ? 'ನಿಮ್ಮ ಧ್ವನಿ ನನಗ ಗೊತ್ತಾಗಂಗಿಲ್ಲೇನ್ರಿ? ನೀವು ಕರದ್ರೆಲ್ಲ ಅಂತನ ನಾ ಇಳದಿದ್ದೆ' ಅಂದ್ಲು."

ಮಾಸ್ತರು ಕಂಬಳಿಯ ಅಂಚಿನಿಂದ ಕಣ್ಣು ಒರೆಸಿಕೊಂಡರು. ಜಿನುಗು ನಿಂತಿತ್ತು. ಹಳ್ಳದ ನೀರು ಮೊದಲಿದ್ದಷ್ಟೇ ಇತ್ತು. ನಾನು ಕೈಯಲ್ಲಿದ್ದ ಚೀಲವನ್ನು ಕೆಳಗಿಟ್ಟೆ.

"ಅಕಿ ಹೋದ ವರ್ಷ ನನ್ನ ಕಿವೀನೂ ಹೋದ್ವು. ಕೊಪ್ಪಳದ ಡಾಕ್ಟರು ಪೂರಾ ಹೋಗ್ಯಾವ ಅಂದ. ನಿಮ್ಮ ಬಾಯಿ ನೋಡಿ ಮಾತು ತಿಳ್ಕೊಂತೀನಿ, ಅಷ್ಟ. ಗುಡುಗು ಕೇಳಂಗಿಲ್ಲ, ಈ ಚಾಂದಸಾಬನ ಹಾರ್ನ್ ಕೇಳಂಗಿಲ್ಲ, ನನ್ನ ಮಾತು ನನಗ ಕೇಳಂಗಿಲ್ಲ..."

ಅವರು ಥಟ್ಟನೆ ಮಾತು ನಿಲ್ಲಿಸಿದರು. ತಲೆ ಎತ್ತಿ, ಕತ್ತು ಓರೆ ಮಾಡಿ, ದೀಪದ ಕಡೆ ನೋಡಿದರು. ಆಮೇಲೆ ನಮ್ಮ ತುಟಿಗಳನ್ನು ಒಬ್ಬೊಬ್ಬರದನ್ನಾಗಿ ನೋಡುತ್ತ ಬಂದರು.

"ನಿಮ್ಮೊಳಗ ಯಾರರ ಈಗ ಒದರಿದ್ರೇನ್ರಿ?... ಇಲ್ಲಾ?... ಕಳಕಮ್ಮಾ, ನೀ?... ಹಂಗಾರ ಏಳ್ರಿ, ಬಸ್ ಹತ್ರಿ. ಕರದ್ಲು."