ಎರಡೂ ಕಾಲಿಡದ ಜಾಗ

ಪಶು ಆಸ್ಪತ್ರೆಯ ಔಷಧಿ ಸಾಲಿನಲ್ಲಿ ನನ್ನ ಮುಂದೆ ಇಬ್ಬರು ವಾರಗಿತ್ತಿಯರು. ಕಿರಿಯವಳ ಕೈಯಲ್ಲಿ ಕಿವಿಗೆ ಪಟ್ಟಿ ಕಟ್ಟಿದ ಮೊಲದ ಮರಿ.

“ಸ್ವಲ್ಪ ದಿನ ಬೇರೆ ಗೂಡಲ್ಲೇ ಇರಲಿ ಅಂದಿದ್ದೆ. ನಾನಿಲ್ಲದಾಗ ಮೊದಲಿನ ಮರಿಯ ಗೂಡಿಗೇ ಇದನ್ನ ತಳ್ಳಿದ್ರಿ, ಅದು ಕಿವಿ ಕಚ್ಚಿಹಾಕ್ತು.”

“ಹೊಂದ್ಕೊಳ್ಳುತ್ತೆ ಅಂದ್ಕೊಂಡೆ. ಮದುವೆಯಾಗಿ ಬಂದಾಗ ನೀನು ಹೊಂದ್ಕೊಳ್ಳಲಿಲ್ವಾ?”

“ಹೊಂದ್ಕೊಂಡೆ ಅಂತ ಯಾರು ಹೇಳಿದ್ದು?”

“ಹೋಗಲಿ, ಡಾಕ್ಟರು ಏನಂದ್ರು?”

“ಗಾಯ ಮಾಗಿದ ಮೇಲೆ ಎರಡನ್ನೂ ದಿನಾ ಸ್ವಲ್ಪ ಹೊತ್ತು ಒಟ್ಟಿಗೆ ಬಿಟ್ಟು, ಪಕ್ಕದಲ್ಲೇ ಕೂತು ನೋಡ್ಬೇಕಂತೆ. ಎರಡೂ ಈವರೆಗೆ ಕಾಲಿಡದ ಜಾಗ ಆಗ್ಬೇಕಂತೆ.”

“ಅಂಗಳ?”

“ಅಂಗಳ, ಅಡುಗೆಮನೆ, ನನ್ನ ರೂಮು, ಎಲ್ಲಾ ಕಡೆ ಮೊದಲಿನದು ಓಡಾಡಿದೆ. ಉಳಿದಿರೋದು ನೀವು ಬೀಗ ಹಾಕ್ಕೊಳ್ಳೋ ರೂಮು ಒಂದೇ.”

“ಅಲ್ಲಿ ಹೊಸ ರತ್ನಗಂಬಳಿ ಹಾಸಿದೆ ಕಣೇ.”

“ಗೊತ್ತು. ಮೊದಮೊದಲು ಅಲ್ಲಲ್ಲಿ ಉಚ್ಚೆ ಹೊಯ್ದು ಗುರುತು ಮಾಡ್ತವಂತೆ.”

ಔಷಧಿ ತಗೊಂಡು ಇಬ್ಬರೂ ಹೊರಟರು. ಬಾಗಿಲ ಹತ್ತಿರ ಕಿರಿಯವಳ ದನಿ ಮೆತ್ತಗೆ ಕೇಳಿಸಿತು.

“ಹೊಂದ್ಕೊಳ್ಳಿ, ಅಕ್ಕಾ.”